ಪಕ್ಕಪಕ್ಕ ಇಟ್ಟು ನೋಡಿಸಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ತಾಯಿ ತಂದೆಯರೇ, ಶಾಲೆಯ ಗುರುಗಳೇ, ನಿಮ್ಮ ಹತ್ತಿರ ನಾಲ್ಕು ಮಾತು ಆಡುವುದಿದೆ. ಬೇಸರ ಮಾಡಿಕೊಳ್ಳಬೇಡಿ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ಕಟ್ಟಕಡೆಗೆ ನಿಂತಿತು. ಈ ನೆಲಕ್ಕೆ ವಿದ್ಯೆ ಹೊಸದೇನಲ್ಲ. ಚಿತ್ತಾಪುರದ ಮಗ್ಗುಲಿನ ನಾಗಾವಿಯ ಘಟಿಕಾಸ್ಥಾನದಲ್ಲಿ ನೂರಾರು ವಿದ್ಯಾರ್ಥಿಗಳೂ ಗ್ರಂಥಭಂಡಾರ ನೋಡಿಕೊಳ್ಳುವವರೂ ಇದ್ದರೆಂದು 1058ರ ಶಾಸನ ಹೇಳುತ್ತದೆ. ಈಗ ಹಿಂದೆ ಬಿದ್ದದ್ದಕ್ಕೆ ಬಡತನ, ಗುಳೆ, ಗುರುಗಳ ಕೊರತೆ ಹೀಗೆ ಹತ್ತು ಕಾರಣಗಳಿವೆ. ಅವೆಲ್ಲ ನಿಮ್ಮೊಬ್ಬರ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ಮಗುವಿಗೆ ಹೇಳಿಕೊಡುವ ರೀತಿ ನಿಮ್ಮ ಕೈಯಲ್ಲೇ ಇದೆಯಲ್ಲ! ಸಂಜೆಯಾದರೆ ‘ಬಾಯಿಪಾಠ ಮಾಡು’ ಎಂದು ಮಗುವನ್ನು ಮೂಲೆಗೆ ಕೂಡ್ರಿಸಿ ಟಿವಿ ಹಚ್ಚುತ್ತೀರಿ. ಗಡಗಡ ಒಪ್ಪಿಸಿದರೆ ಪಾಠ ಬಂತು ಎಂದು ತಿಳಿಯುತ್ತೀರಿ. ಬಾಯಿಗೆ ಬಂದಿರುತ್ತದೆ, ಅಷ್ಟೇ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ರಾಬರ್ಟ್ ಗೋಲ್ಡ್‌ಸ್ಟೋನ್ ಎಂಬ ವಿಜ್ಞಾನಿ, ಮನುಷ್ಯ ವಸ್ತುಗಳನ್ನು ಹೇಗೆ ವಿಂಗಡಿಸುತ್ತಾನೆ, ವಿಂಗಡಿಸುತ್ತ ಹೋದರೆ ಅವನ ನೋಟವೇ ಹೇಗೆ ಬದಲಾಗುತ್ತದೆ ಎಂಬುದನ್ನೇ ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. 1994ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಗಾತ್ರದಲ್ಲೂ ಬೆಳಕಿನಲ್ಲೂ ಹೆಚ್ಚುಕಡಿಮೆ ಇರುವ ಚೌಕಗಳನ್ನು ಕೊಟ್ಟಿದ್ದರು. ಗಾತ್ರ ನೋಡಿ ಬೇರೆ ಮಾಡಲು ಕಲಿತವರ ಕಣ್ಣು ಗಾತ್ರದ ಸಣ್ಣ ವ್ಯತ್ಯಾಸಕ್ಕೂ ಚುರುಕಾಯಿತು. ಬೆಳಕು ನೋಡಿ ಬೇರೆ ಮಾಡಿದವರ ಕಣ್ಣು ಬೆಳಕಿಗೆ ಚುರುಕಾಯಿತು. ತಿಳಿಯಿತೇ? ಯಾವುದನ್ನು ಬೇರೆ ಮಾಡಿಸುತ್ತೀರೋ ಅದರಲ್ಲಿ ಮಗುವಿನ ಕಣ್ಣು ಪಳಗುತ್ತದೆ. ಬೇರೆ ಮಾಡಿಸದೆ ಬರೀ ಹೇಳಿಸಿದರೆ ಪಳಗುವುದು ನಾಲಿಗೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ವ್ಯಾಖ್ಯೆಯಿಂದ ಶುರು ಮಾಡಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಅವಸರ ಯಾಕೆ? ‘ಪದರುಶಿಲೆ ಎಂದರೇನು’ ಎಂಬ ಪ್ರಶ್ನೆಗೆ ಶಹಾಬಾದಿನ ಮಗು ನಾಲ್ಕು ಸಾಲು ಬರೆಯುತ್ತದೆ, ಆದರೆ ತಾನು ಕೂತಿರುವ ಪರ್ಸಿ ಕಲ್ಲೇ ಪದರುಶಿಲೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಒಂದು ಪರ್ಸಿ ಚೂರು, ಚಿಂಚೋಳಿ ಕಡೆಯ ಒಂದು ಕರಿಕಲ್ಲು ತಂದು ಪಕ್ಕಪಕ್ಕ ಇಡಿ. ಪರ್ಸಿ ಪದರು ಪದರಾಗಿ ಏಳುತ್ತದೆ, ಕರಿಕಲ್ಲು ಏಳುವುದಿಲ್ಲ. ಪರ್ಸಿಯನ್ನು ಕೆರೆದು ಪುಡಿಗೆ ಲಿಂಬೆರಸ ಹಿಂಡಿದರೆ ಸಣ್ಣಗೆ ಗುಳ್ಳೆ ಬರುತ್ತದೆ, ಯಾಕೆಂದರೆ ಅದು ಸುಣ್ಣದಕಲ್ಲು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಆಗುವುದೂ ಅದೇ. ಕರಿಕಲ್ಲು ಲಾವಾ ಆರಿ ಗಟ್ಟಿಯಾದ ಅಗ್ನಿಶಿಲೆ. ಇಷ್ಟನ್ನು ಕೈಯಿಂದ ಮುಟ್ಟಿದ ಮೇಲೆ ವ್ಯಾಖ್ಯೆ ಓದಿಸಿ, ತಾನಾಗಿ ಕೂರುತ್ತದೆ. ಮತ್ತೆ ಹೇಳುತ್ತೇನೆ, ಲಿಂಬೆರಸ ಸಾಕು. ಪಾಯಿಖಾನೆ ತೊಳೆಯುವ ಆಸಿಡ್ ಮಕ್ಕಳ ಕೈಗೆ ಕೊಡಬೇಡಿ.

ಎರಡನೆಯದು, ಒಂದೇ ಉದಾಹರಣೆಗೆ ನಿಲ್ಲಬೇಡಿ. ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು, ನಿಜ. ಒಂದೇ ಗಡಿಗೆಯಲ್ಲಿ ಬೆಂದ ಅಗುಳಿಗೆ ಆ ಮಾತು ಸರಿ, ಮಗುವಿನ ತಿಳಿವಳಿಕೆಗೆ ಸಾಲದು. ಬೂದುಬಣ್ಣದ ಪರ್ಸಿ ಒಂದನ್ನೇ ತೋರಿಸಿದರೆ ಬೂದುಬಣ್ಣವೇ ಗುರುತು ಎಂದು ಮಗು ಹಿಡಿದುಕೊಳ್ಳುತ್ತದೆ. ಹಸಿರು ಛಾಯೆಯದನ್ನೂ ಕೆಂಪು ಛಾಯೆಯದನ್ನೂ ತೋರಿಸಿ. ಬಣ್ಣ ಬದಲಾದರೂ ಬದಲಾಗದೆ ಉಳಿಯುವುದು ಏನು ಎಂದು ಕೇಳಿ. ಹಾಗೆಯೇ ಪಕ್ಷಿ ಎಂದರೆ ಗುಬ್ಬಿ, ಕಾಗೆಯಿಂದ ಶುರು ಮಾಡಿ. ಕೊನೆಗೆ ಹಾರಲಾರದ ಉಷ್ಟ್ರಪಕ್ಷಿಯನ್ನೂ ಹಾರುವ ಬಾವಲಿಯನ್ನೂ ಮುಂದಿಟ್ಟು ‘ಯಾವುದು ಪಕ್ಷಿ, ಯಾಕೆ’ ಎಂದು ಕೆಣಕಿ.

ಮೂರನೆಯದು ಅಕ್ಷರದ ಮಾತು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಪ, ಷ, ಫ ಒಂದೇ ಥರ ಕಾಣುತ್ತವೆ. ಧ ಮತ್ತು ಥ ನಡುವೆ ಹೊಟ್ಟೆಯೊಳಗಿನ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ನೀವು ಪ ಒಂದು ಪುಟ, ಷ ಒಂದು ಪುಟ ತಿದ್ದಿಸುತ್ತೀರಿ. ಎರಡನ್ನೂ ಒಟ್ಟಿಗೆ ನೋಡದ ಮಗುವಿಗೆ ವ್ಯತ್ಯಾಸ ಎಲ್ಲಿ ಕಂಡೀತು? ಒಂದೇ ಸಾಲಿನಲ್ಲಿ ಬೆರೆಸಿ ಬರೆದು, ‘ಷ ಎಲ್ಲೆಲ್ಲಿ ಇದೆ, ಬೆರಳಿಡು’ ಎನ್ನಿ. ಒಂದನೇ ತರಗತಿಯಲ್ಲೇ ಎಲ್ಲ ಅಕ್ಷರ ಬರಲಿಲ್ಲವೆಂದು ಕಿವಿ ಹಿಂಡಬೇಡಿ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಕನ್ನಡ ಓದು ಕಲಿಯುವ ಮಕ್ಕಳನ್ನು ಅಭ್ಯಾಸ ಮಾಡಿ 2007ರಲ್ಲಿ ತೋರಿಸಿದ್ದಾರೆ: ಕಾಗುಣಿತ, ಒತ್ತಕ್ಷರ ಸೇರಿ ನಮ್ಮ ಅಕ್ಷರಗಳ ಸಂಖ್ಯೆ ದೊಡ್ಡದಾದ್ದರಿಂದ ಆ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತದೆ. ತಡವಾಯಿತೆಂದು ಹೆದರಬೇಡಿ, ನಿಲ್ಲಿಸಲೂ ಬೇಡಿ.

ನಾಲ್ಕನೆಯದು, ಲೆಕ್ಕಗಳನ್ನು ಬೆರೆಸಿ ಕೊಡಿ. ಹತ್ತು ಕ್ಷೇತ್ರಫಲದ ಲೆಕ್ಕ ಆದಮೇಲೆ ಹತ್ತು ಸುತ್ತಳತೆಯ ಲೆಕ್ಕ ಮಾಡಿಸಿದರೆ ಮಗು ಸರಸರ ಮುಗಿಸುತ್ತದೆ, ನಿಮಗೂ ಖುಷಿ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ಪರೀಕ್ಷೆಯಲ್ಲಿ ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಯಾರೂ ಹೇಳುವುದಿಲ್ಲ. ಅಂಗಳಕ್ಕೆ ಪರ್ಸಿ ಹಾಸುವ ಲೆಕ್ಕದ ಬೆನ್ನಿಗೇ ಹೊಲಕ್ಕೆ ತಂತಿಬೇಲಿ ಹಾಕುವ ಲೆಕ್ಕ ಕೊಡಿ. ಮೊದಮೊದಲು ತಪ್ಪು ಹೆಚ್ಚಾಗುತ್ತದೆ, ಸಹಿಸಿಕೊಳ್ಳಿ. 2008ರಲ್ಲಿ ಕಾರ್ನೆಲ್ ಮತ್ತು ಬ್ಯೋರ್ಕ್ ಎಂಬಿಬ್ಬರು ಸಂಶೋಧಕರು 12 ಚಿತ್ರಕಾರರ ಚಿತ್ರಗಳನ್ನು ಜನರಿಗೆ ತೋರಿಸಿದರು. ಬೆರೆಸಿ ನೋಡಿದ ಚಿತ್ರಕಾರರ ಶೈಲಿಯನ್ನೇ ಜನ ಚೆನ್ನಾಗಿ ಗುರುತಿಸಿದರು, ಆದರೂ ಒಬ್ಬೊಬ್ಬರದನ್ನೇ ಸಾಲಾಗಿ ನೋಡಿದಾಗ ಹೆಚ್ಚು ಕಲಿತೆವು ಎಂದೇ ನಂಬಿದ್ದರು! ಇದಕ್ಕೊಂದು ಮಿತಿಯೂ ಇದೆ. ಒಂದಕ್ಕೊಂದು ಮೋಸಮಾಡುವಷ್ಟು ಹೋಲುವವನ್ನು ಬೆರೆಸಬೇಕು. ಒಂದೇ ಗುಂಪಿಗೆ ಸೇರಿದ್ದೂ ಮೇಲ್ನೋಟಕ್ಕೆ ಹೋಲದವನ್ನು ಮೊದಲು ಒಟ್ಟಿಗೆ ನೋಡಿಸಬೇಕು. 2014ರಲ್ಲಿ ಕಾರ್ವಾಲ್ಯೊ ಎಂಬ ಸಂಶೋಧಕರ ಜೊತೆ ಗೋಲ್ಡ್‌ಸ್ಟೋನ್ ಕಂಡುಕೊಂಡದ್ದು ಇದನ್ನೇ.

ಐದನೆಯದು, ಸರಿಯೋ ತಪ್ಪೋ ಆಗಲೇ ಹೇಳಿ, ಯಾಕೆ ಎಂದೂ ಕೇಳಿ. ಯಾಕೆ ಎಂದು ಕೇಳುವುದು ಮಕ್ಕಳಿಗಷ್ಟೇ ಅಲ್ಲ, ಹೊಲದಲ್ಲಿ ನಿಮಗೂ ಬೇಕು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು ಎಂದು ಹಿಗ್ಗಿದ್ದೆವು. 2022ರಲ್ಲಿ ಬಿತ್ತಿದ ತೊಗರಿಯನ್ನು ನೆಟೆ ರೋಗ ತಿಂದಿತು. ಹೊಲದಲ್ಲಿ ಗಿಡ ಬಾಡಿದರೆ ಸಾಕು, ಅಂಗಡಿಯವರು ಕೊಟ್ಟ ಔಷಧಿ ಹೊಡೆಯುತ್ತೀರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು. ನೆಟೆ ಹತ್ತಿದ ಗಿಡದ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಆ ರೋಗಕ್ಕೆ ಕಾರಣ ಮಣ್ಣಿನಿಂದ ಬರುವ ಶಿಲೀಂಧ್ರ. ಗೊಡ್ಡು ರೋಗದ ಗಿಡ ತಿಳಿಹಸಿರಾಗಿ, ಎಲೆ ಚಿಕ್ಕದಾಗಿ, ಹೂ ಬಿಡದೆ ನಿಲ್ಲುತ್ತದೆ. ಅದನ್ನು ಹರಡುವುದು ನುಸಿ. ನೆಟೆಗೆ ಬೆಳೆ ಬದಲಿಸಬೇಕು, ರೋಗ ತಡೆಯುವ ತಳಿ ಬಿತ್ತಬೇಕು. ಗೊಡ್ಡು ರೋಗಕ್ಕೆ ಗಿಡ ಕಿತ್ತು ನುಸಿ ಹತೋಟಿ ಮಾಡಬೇಕು. ಎರಡೂ ಗಿಡಗಳನ್ನು ಕಿತ್ತು ಪಕ್ಕಪಕ್ಕ ಇಟ್ಟು ನೋಡಿ, ಮಕ್ಕಳನ್ನೂ ಕರೆಯಿರಿ. ಗೊತ್ತಾಗದಿದ್ದರೆ ರೈತ ಸಂಪರ್ಕ ಕೇಂದ್ರದವರಿಗೆ ತೋರಿಸಿ.

ಆರನೆಯದು, ಮನೆಯ ಮಾತನ್ನು ಅದುಮಬೇಡಿ. ವಾಡಿ, ಸೇಡಂ ಓಣಿಗಳಲ್ಲಿ ಕನ್ನಡದ ಜೊತೆ ಉರ್ದು, ತೆಲುಗು, ಲಂಬಾಣಿ ಎಲ್ಲ ಕೇಳಿಸುತ್ತವೆ. ವರ್ಕರ್ ಮತ್ತು ಟೀಸ್ ಎಂಬವರ 1984ರ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸುಗಳಿಗೆ ಹಿಂದಿಯ ತ, ಟ ಬೇರೆಬೇರೆಯಾಗಿ ಕೇಳಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಸೂಕ್ಷ್ಮ ಮಾಸಿತ್ತು. ಬಳಸದ ಕಿವಿ ಮೊಂಡಾಗುತ್ತದೆ. ಅಜ್ಜಿ ಯಾವ ಮಾತಿನಲ್ಲಿ ಕಥೆ ಹೇಳುತ್ತಾಳೋ ಹೇಳಲಿ ಬಿಡಿ.

ಕೊನೆಯದು, ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವುದು. ಪಕ್ಕಪಕ್ಕ ಇಡಿ ಎಂದು ಇಷ್ಟು ಹೊತ್ತು ಹೇಳಿದ್ದು ಕಲ್ಲಿಗೆ, ಅಕ್ಷರಕ್ಕೆ, ಲೆಕ್ಕಕ್ಕೆ, ಗಿಡಕ್ಕೆ. ಮಕ್ಕಳನ್ನು ಹಾಗೆ ಇಡಬೇಡಿ. ಅಕ್ಕ ಜಾಣೆ, ತಮ್ಮ ದಡ್ಡ ಎಂದು ಒಮ್ಮೆ ಹೆಸರಿಟ್ಟರೆ ನಿಮ್ಮ ಕಣ್ಣೂ ಅದಕ್ಕೇ ಪಳಗುತ್ತದೆ. 1963ರಲ್ಲಿ ತಾಜ್ಫೆಲ್ ಮತ್ತು ವಿಲ್ಕ್ಸ್ ಎಂಬ ಸಂಶೋಧಕರು ಎಂಟು ಗೆರೆಗಳನ್ನು ತೋರಿಸಿ, ಗಿಡ್ಡ ನಾಲ್ಕಕ್ಕೆ ಒಂದು ಹೆಸರು, ಉದ್ದ ನಾಲ್ಕಕ್ಕೆ ಇನ್ನೊಂದು ಹೆಸರು ಕೊಟ್ಟರು. ಅಷ್ಟಕ್ಕೇ ಎರಡು ಗುಂಪಿನ ನಡುವಿನ ಅಂತರ ಇದ್ದದ್ದಕ್ಕಿಂತ ದೊಡ್ಡದಾಗಿ ಜನರಿಗೆ ಕಂಡಿತು. ಗೆರೆಗೇ ಹೀಗಾದರೆ ಮಕ್ಕಳ ಗತಿಯೇನು? ಹೋಲಿಸಲೇಬೇಕೆಂದರೆ ಮಗುವನ್ನು ಅದರ ಹೋದ ವರ್ಷದ ಜೊತೆ ಹೋಲಿಸಿ. ಆಗ ತಪ್ಪಿದ ಯಾವ ಲೆಕ್ಕ ಈಗ ಬಂತು ಎಂದು ಇಬ್ಬರೂ ಕೂತು ನೋಡಿ. ಅದಕ್ಕೇ ಹೇಳುವುದು, ಪರೀಕ್ಷೆ ಮುಗಿದ ಕೂಡಲೇ ಹಳೆಯ ನೋಟುಬುಕ್ಕುಗಳನ್ನು ರದ್ದಿಗೆ ಹಾಕಬೇಡಿ.