ಹೊಸತೊಡಕಿನ ಬಾಡು ಮಿಕ್ಕರೆ

ಮಕ್ಕಳೇ, ಹೊಸತೊಡಕು ಕಳೆದ ಮಾರನೇ ಬೆಳಗ್ಗೆ ನಮ್ಮ ಕಡೆಯ ತಿಪ್ಪೆಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಬರೀ ಮೂಳೆ ಬಿದ್ದಿರುವುದಿಲ್ಲ, ಸಾರಿನ ಸಮೇತ ಸುರಿದ ಒಳ್ಳೊಳ್ಳೆಯ ತುಂಡುಗಳೂ ಇರುತ್ತವೆ. ಕೇಳಿದರೆ, 'ರಾತ್ರಿ ಹಾಗೇ ಒಲೆ ಮೇಲೆ ಬಿಟ್ಟಿದ್ದೆವು, ಬೆಳಗ್ಗೆ ನೊರೆ ಬಂದಿತ್ತು' ಎನ್ನುತ್ತಾರೆ. ಕೆಜಿಗೆ 700 ರೂಪಾಯಿ ದಾಟಿ ಎಷ್ಟೋ ಕಾಲವಾದ ಬಾಡು ಅದು. ದುಡ್ಡಿನ ಮಾತು ಆಮೇಲಾಗಲಿ. ಒಂದು ಜೀವ ತೆಗೆದು ತಂದದ್ದು. ಮಳವಳ್ಳಿ ಕಡೆಯ ಬಂಡೂರು ಕುರಿಯನ್ನೇ ತೆಗೆದುಕೊಳ್ಳಿ. ಆ ಗಿಡ್ಡ ಕಾಲಿನ ಮರಿಯನ್ನು ಯಾರೋ ಒಬ್ಬ ಹೆಂಗಸು ತಿಂಗಳುಗಟ್ಟಲೆ ಸೊಪ್ಪು ಸದೆ ಹಾಕಿ, ಮಳೆ ಬಂದರೆ ನಡುಮನೆಗೆ ಕಟ್ಟಿ ಸಾಕಿರುತ್ತಾಳೆ. ಅದನ್ನು ತಿನ್ನುವುದಕ್ಕೆ ನನಗೆ ಯಾವ ಅಳುಕೂ ಇಲ್ಲ. ತಿಪ್ಪೆಗೆ ಸುರಿಯುವುದನ್ನು ಮಾತ್ರ ಸಹಿಸಲಾರೆ.

ಮೊದಲು ಯಾಕೆ ಮಿಗುತ್ತದೆ ಅಂತ ನೋಡಿ. ಮಂಡ್ಯ, ಮೈಸೂರು, ರಾಮನಗರ, ಹಾಸನ, ತುಮಕೂರು, ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಯುಗಾದಿಯ ದಿನ ಹೋಳಿಗೆಯಾದರೆ ಮರುದಿನ ಹೊಸತೊಡಕಿನ ಬಾಡು. ವರ್ಷವಿಡೀ ಮಾಂಸದ ಚೀಟಿಗೆ ದುಡ್ಡು ಕಟ್ಟಿ, ಬೆಳಗಿನ ಜಾವವೇ ಕುಯ್ಸಿ, ತೊಡೆ, ಪಕ್ಕೆಲುಬು, ಲಿವರು, ಬೋಟಿ, ನೆಣ ಎಲ್ಲವೂ ಎಲ್ಲರಿಗೂ ಸಮನಾಗಿ ಬರುವಂತೆ ಗುಡ್ಡೆ ಹಾಕುತ್ತಾರೆ. ಆ ನ್ಯಾಯ ದೊಡ್ಡದು, ಅದನ್ನು ನಾನು ಒಪ್ಪುತ್ತೇನೆ. ಆದರೆ ನಾಲ್ಕು ಜನರ ಮನೆಗೂ ಒಂದೇ ಗುಡ್ಡೆ, ಹತ್ತು ಜನರ ಮನೆಗೂ ಒಂದೇ ಗುಡ್ಡೆ. ಮನೆಗೆ ಬಂದಿದೆ ಅಂತ ಅಷ್ಟನ್ನೂ ಒಂದೇ ದಬರಿಗೆ ಹಾಕಿ ಬೇಯಿಸಿದರೆ ಮಿಗದೆ ಏನಾಗುತ್ತದೆ? ದೊಡ್ಡವರೊಬ್ಬರಿಗೆ ಮೂಳೆ ಸಮೇತ ಕಾಲು ಕೆಜಿ ಲೆಕ್ಕ ಹಿಡಿಯಿರಿ, ನೆಂಟರಿಗೆ ಅಂತ ಇನ್ನೊಂದಿಷ್ಟು ಸೇರಿಸಿ. ಉಳಿದದ್ದು ಹಸಿಯಾಗಿಯೇ ಇರಲಿ. ಹಸಿ ಬಾಡನ್ನು ಒಣಗಿಸಬಹುದು, ಖೈಮಾ ಮಾಡಬಹುದು, ಫ್ರೀಜರಿಗೆ ಹಾಕಬಹುದು. ಸಾರಿಗೆ ಬಿದ್ದ ಬಾಡಿಗೆ ಅಷ್ಟು ದಾರಿಗಳಿಲ್ಲ.

ಹಸಿಯದರಲ್ಲೂ ಬೇಗ ಕೆಡುವುದನ್ನೇ ಮೊದಲು ಮುಗಿಸಬೇಕು. ಲಿವರು, ಬೋಟಿ, ಖೈಮಾ ಅವತ್ತೇ ಆಗಿಬಿಡಲಿ, ತೀರಾ ತಡವಾದರೆ ಮರುದಿನ. ತಲೆ ಕಾಲನ್ನು ಸುಟ್ಟು ಕೆರೆದು ಅರಿಶಿನ ಸವರಿ ಫ್ರಿಜ್ಜಿನಲ್ಲಿಟ್ಟರೆ ಮರುದಿನದ ಸಾರಿಗೆ ಆಗುತ್ತದೆ. ತುಂಡುಗಳು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತವೆ, ಅದಕ್ಕೂ ಹೆಚ್ಚು ಇಡಬೇಕಾದರೆ ಫ್ರೀಜರೇ ಸರಿ. ಎತ್ತಿಡುವ ಬಾಡನ್ನು ತೊಳೆದು ನೀರು ಸೋರುತ್ತಿರುವ ಹಾಗೇ ಇಡಬೇಡಿ, ಒದ್ದೆಯಾದಷ್ಟೂ ಬೇಗ ಲೋಳೆಯಾಗುತ್ತದೆ. ಒಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟಷ್ಟೇ ಪೊಟ್ಟಣ ಕಟ್ಟಿಡಿ. ಕಲ್ಲಾದ ಎರಡು ಕೆಜಿ ಗಟ್ಟಿಯನ್ನು ಅರ್ಧ ಕೆಜಿಗಾಗಿ ಕರಗಿಸಿ ಮತ್ತೆ ಒಳಗೆ ತಳ್ಳುವ ಕೆಲಸ ಬೇಡ. ಕರಗಿಸುವುದಿದ್ದರೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ. ಅಡುಗೆ ಕಟ್ಟೆಯ ಮೇಲೆ ದಿನವಿಡೀ ಬಿಡಬೇಡಿ.

ಇನ್ನು ಬೇಯಿಸಿದ ಸಾರಿನ ವಿಚಾರ. ನಾನು ನಿಮಗೆ ಹೇಳಬೇಕೆಂದಿರುವುದರಲ್ಲಿ ಮುಖ್ಯವಾದದ್ದು ಇದೇ: ಬಾಡು ಉಳಿಯುವುದೂ ಹಾಳಾಗುವುದೂ ಅಂದಿನ ರಾತ್ರಿಯೇ ತೀರ್ಮಾನವಾಗುತ್ತದೆ. ಊಟ ಮುಗಿದ ಮೇಲೆ ಎಲ್ಲರಿಗೂ ಮೈ ಭಾರ. ಗಂಡಸರು ಜಗಲಿಗೆ ಹೋಗುತ್ತಾರೆ, ಹೆಂಗಸರು ಸೊಂಟ ಹಿಡಿದುಕೊಂಡು ಕೂರುತ್ತಾರೆ, ದಬರಿಗೆ ಒಂದು ತಟ್ಟೆ ಮುಚ್ಚಿ 'ನಾಳೆ ನೋಡಿದರಾಯಿತು' ಅನ್ನುತ್ತಾರೆ. ಆ ನಾಳೆಯನ್ನು ನಂಬಬೇಡಿ. ಹಿಂದೆ ಸೌದೆ ಒಲೆಯಿತ್ತು, ಊಟವಾದ ಮೇಲೂ ಕೆಂಡ ಇರುತ್ತಿತ್ತು, ಸಾರಿನ ಬಿಸಿ ಅಷ್ಟು ಬೇಗ ಆರುತ್ತಿರಲಿಲ್ಲ, ಬೆಳಗ್ಗೆ ಎದ್ದವರು ಮೊದಲು ಅದನ್ನು ಮತ್ತೆ ಕುದಿಸುತ್ತಿದ್ದರು. ಈಗ ಗ್ಯಾಸು ಆರಿಸಿದ ಕೂಡಲೇ ಬಿಸಿ ಇಳಿಯಲು ಶುರು. ಅಷ್ಟು ದೊಡ್ಡ ಪಾತ್ರೆ ಪೂರ್ತಿ ತಣ್ಣಗಾಗುವುದೂ ಇಲ್ಲ, ನಡುವೆ ಬೆಚ್ಚಗೆ ಗಂಟೆಗಟ್ಟಲೆ ನಿಂತಿರುತ್ತದೆ. ರೋಗಾಣು ಹುಲುಸಾಗಿ ಬೆಳೆಯುವುದು ಈ ಬೆಚ್ಚಗಿನ ಹೊತ್ತಿನಲ್ಲೇ, 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ ನಡುವೆ.

ಅದಕ್ಕೆ ಹೀಗೆ ಮಾಡಿ. ಎಂಜಲಾಗದ, ಒಣಗಿದ ಸೌಟು ತೆಗೆದುಕೊಳ್ಳಿ. ತುಂಡುಗಳನ್ನು ಒಂದು ಕಡೆ, ಸಾರನ್ನು ಇನ್ನೊಂದು ಕಡೆ ಬಗ್ಗಿಸಿ. ಅಗಲವಾದ ತಟ್ಟೆ, ಬೇಸಿನ್‌ಗಳಲ್ಲಿ ತೆಳ್ಳಗೆ ಹರಡಿದರೆ ಬೇಗ ಆರುತ್ತದೆ. ಇನ್ನೂ ಬೇಗ ಆರಬೇಕೆಂದರೆ ಆ ಬೇಸಿನ್ನನ್ನು ತಣ್ಣೀರು ತುಂಬಿದ ಟಬ್ಬಿನಲ್ಲಿಟ್ಟು ಸೌಟಿನಿಂದ ಆಗಾಗ ತಿರುವಿ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಅದು ಫ್ರಿಜ್ಜಿನಲ್ಲಿರಬೇಕು. ನಮ್ಮ ಯುಗಾದಿ ಬರುವುದೇ ಬಿಸಿಲಿನ ಕಾಲದಲ್ಲಿ, ಅಡುಗೆಮನೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅದಕ್ಕೇ ರಾತ್ರಿಗೆ ಬೇಕಾದಷ್ಟನ್ನು ಬಿಸಿಯಾಗಿ ಉಳಿಸಿಕೊಂಡು, ಮಿಕ್ಕದ್ದನ್ನು ಊಟಕ್ಕೆ ಕೂರುವ ಮೊದಲೇ ಬೇರೆ ಮಾಡಿದವರು ಜಾಣರು. ಕಾಯಿ ಅರೆದು ಹಾಕಿದ ಸಾರು ಬರೀ ಮಸಾಲೆಯದಕ್ಕಿಂತ ಬೇಗ ಹಳಸುತ್ತದೆ ಅನ್ನುವುದೂ ನೆನಪಿರಲಿ. ಸುಡುವ ದಬರಿಯನ್ನು ಹಾಗೇ ಫ್ರಿಜ್ಜಿಗೆ ತುರುಕಿದರೆ ಪಕ್ಕದಲ್ಲಿರುವ ಹಾಲು, ಮೊಸರಿಗೂ ಕೇಡು. ಹೀಗೆ ಎತ್ತಿಟ್ಟ ಬೆಂದ ಬಾಡು ಫ್ರಿಜ್ಜಿನಲ್ಲಿ ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ. ಫ್ರೀಜರಿನಲ್ಲಿ ಎರಡು ಮೂರು ತಿಂಗಳಿಟ್ಟರೂ ರುಚಿ ಕೆಡುವುದಿಲ್ಲ. ಹಳ್ಳಿಯಲ್ಲಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯದೆ ಸುಮ್ಮನಿರಿ. ಮುಚ್ಚಿದ ಫ್ರಿಜ್ಜು ನಾಲ್ಕು ಗಂಟೆಯವರೆಗೆ ತಣ್ಣಗಿರುತ್ತದೆ.

'ಕುದಿಸಿದರೆ ಎಲ್ಲ ಸತ್ತುಹೋಗುತ್ತದೆ ದೊಡ್ಡಮ್ಮ' ಅಂತ ನಿಮ್ಮಲ್ಲೇ ಕೆಲವರು ವಾದಿಸುತ್ತೀರಿ. ಅರ್ಧ ನಿಜ. ದೊಡ್ಡ ಪಾತ್ರೆಯಲ್ಲಿ ನಿಧಾನಕ್ಕೆ ಆರುವ ಮಾಂಸದ ಸಾರಿನಲ್ಲೇ ಹೆಚ್ಚುವ ಒಂದು ರೋಗಾಣು ಇದೆ, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ. ಅದರ ಬೀಜಾಣು ಮೊದಲ ಕುದಿತಕ್ಕೆ ಸಾಯುವುದಿಲ್ಲ, ಸಾರು ಉಗುರುಬೆಚ್ಚಗಾದಾಗ ಮೊಳೆತು ಹೆಚ್ಚಿಕೊಳ್ಳುತ್ತದೆ. ಹಬ್ಬದ ಮಾರನೇ ದಿನ ಹೊಟ್ಟೆ ಮುರಿತ, ಭೇದಿ ಅಂತ ಮಲಗಿಬಿಡುವವರಲ್ಲಿ ಎಷ್ಟೋ ಜನ ದೃಷ್ಟಿಯಾಯಿತು ಅಂದುಕೊಳ್ಳುತ್ತಾರೆ. ಆರಿದ ಸಾರನ್ನು ನಡುವಿನವರೆಗೂ ಕೊತಕೊತ ಕುದಿಸಿದರೆ ಇದರ ಭಯ ಕಡಿಮೆ. ಆದರೆ ಬೇರೆ ಕೆಲವು ರೋಗಾಣು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಬಿರಿಯಾನಿ, ಪಲಾವು ಮಿಕ್ಕಾಗ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅಂಥದ್ದು. ಅದಕ್ಕೇ ಮಿಕ್ಕ ಬಿರಿಯಾನಿಯ ವಿಷಯದಲ್ಲಿ ನಾನು ಸಾರಿಗಿಂತಲೂ ಕಟ್ಟುನಿಟ್ಟು. ರಾತ್ರಿಯಿಡೀ ಹೊರಗಿದ್ದ ಬಿರಿಯಾನಿಯನ್ನು ಬೆಳಗ್ಗೆ ಯಾರಿಗೂ ಬಡಿಸಬೇಡಿ, ಅದು ಘಮ್ಮೆನ್ನುತ್ತಿದ್ದರೂ ಸರಿ.

ಇದಕ್ಕೆ ತಿರುಗುಮುರುಗಾದ ಒಂದು ತಪ್ಪು ತಿಳಿವಳಿಕೆಯೂ ಇದೆ. ಫ್ರಿಜ್ಜಿನಿಂದ ತೆಗೆದಾಗ ಸಾರು ಲೋಳೆಗಟ್ಟಿ ಅಲುಗಾಡುತ್ತಿದ್ದರೆ, ಮೇಲೆ ಬೆಳ್ಳಗೆ ಪದರ ಕಟ್ಟಿದ್ದರೆ, ಕೆಟ್ಟಿತು ಅಂತ ಮೋರಿಗೆ ಸುರಿಯುತ್ತೀರಿ. ಕೆಟ್ಟಿರುವುದಿಲ್ಲ ಮಕ್ಕಳೇ. ಮೂಳೆ, ನರ, ಕಾಲಿನ ಗಂಟುಗಳಿಂದ ಇಳಿದ ಸಾರ ತಣ್ಣಗಾದಾಗ ಹಾಗೆ ಗಟ್ಟಿಯಾಗುತ್ತದೆ, ಬೆಚ್ಚಗೆ ಮಾಡಿದರೆ ಕರಗುತ್ತದೆ. ಮುದ್ದೆಗೆ ಎರಡನೇ ದಿನದ ಸಾರೇ ರುಚಿ ಅನ್ನುವುದಕ್ಕೆ ಅದೂ ಒಂದು ಕಾರಣ. ಮೇಲಿನ ಬಿಳಿ ಪದರ ಬರೀ ನೆಣ. ಅದನ್ನು ಚಮಚದಲ್ಲಿ ಎತ್ತಿ ಬಾಣಲೆಗೆ ಹಾಕಿ ಈರುಳ್ಳಿ, ಕರಿಬೇವು ಹುರಿಯಿರಿ, ಎಣ್ಣೆ ಬೇಕಾಗುವುದಿಲ್ಲ.

ಆ ಹುರಿದ ಈರುಳ್ಳಿಗೇ ಎತ್ತಿಟ್ಟ ತುಂಡುಗಳನ್ನು ಹಾಕಿ, ಕುಟ್ಟಿದ ಕರಿಮೆಣಸು ಉದುರಿಸಿ, ಸಣ್ಣ ಉರಿಯಲ್ಲಿ ನೀರೆಲ್ಲ ಇಂಗಿ ಅಂಚು ಕಪ್ಪಾಗುವವರೆಗೆ ಬಿಟ್ಟರೆ, ಹಿಂದಿನ ದಿನ 'ಸಾಕು ಸಾಕು' ಎಂದವರೂ ತಟ್ಟೆ ಹಿಡಿದು ಬರುತ್ತಾರೆ. ತುಂಡು ಮುಗಿದು ಬರೀ ಸಾರು ಉಳಿದಾಗ ಆಲೂಗಡ್ಡೆ, ಬದನೆಕಾಯಿ ಹಾಕಿ ಬೇಯಿಸಿ, ಇಲ್ಲವೇ ಬೇಯಿಸಿದ ಮೊಟ್ಟೆಯನ್ನು ಸೀಳಿ ಬಿಡಿ. ಬೆಳಗಿನ ತಿಂಡಿಗೆ ಇಡ್ಲಿ, ದೋಸೆ, ಒತ್ತುಶಾವಿಗೆ ಯಾವುದಕ್ಕಾದರೂ ಆ ಸಾರು ಹೊಂದುತ್ತದೆ. ದೊಡ್ಡ ಮೂಳೆಗೆ ಅಂಟಿಕೊಂಡು ಯಾರೂ ತಿನ್ನದೆ ಬಿಟ್ಟ ಮಾಂಸ ಸಾಕಷ್ಟಿರುತ್ತದೆ. ಎಂಜಲಾಗದ ಅಂಥ ಮೂಳೆಗಳಿಂದ ಬೆರಳಲ್ಲೇ ಬಿಡಿಸಿ, ಸಣ್ಣಗೆ ಹೆಚ್ಚಿ, ಹುರಿಗಡಲೆ ಪುಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಕಲಸಿ ವಡೆಯ ಹಾಗೆ ತಟ್ಟಿ ಕಾವಲಿಯ ಮೇಲೆ ಬೇಯಿಸಿ. ಅದೇ ಮಾಂಸವನ್ನು ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿ ತಟ್ಟಿದರೆ ಚಟ್ನಿಯೂ ಬೇಡ. ಏನೇ ಮಾಡಿದರೂ ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಫ್ರಿಜ್ಜಿನಿಂದ ತೆಗೆಯಿರಿ. ಇಡೀ ಪಾತ್ರೆಯನ್ನು ದಿನಕ್ಕೆರಡು ಸಲ ಕಾಯಿಸಿ ಆರಿಸಿ ಮಾಡುತ್ತಿದ್ದರೆ ತುಂಡು ನಾರಾಗುತ್ತದೆ, ಕೆಡುವುದೂ ಬೇಗ.

ಉಪ್ಪುಕಂಡದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನಿಮ್ಮ ತಲೆಮಾರಿಗೆ ಇದು ಕೈತಪ್ಪುತ್ತಿದೆ ಅನ್ನುವ ಸಂಕಟ ನನಗಿದೆ. ಫ್ರಿಜ್ಜಿಲ್ಲದ ಕಾಲದಲ್ಲಿ ಹೆಚ್ಚಾದ ಬಾಡನ್ನು ಉಳಿಸಿದ್ದು ಇದೇ. ಇದು ಹಸಿ ಬಾಡಿನ ಕೆಲಸ, ಬೆಂದದ್ದಕ್ಕೆ ಆಗುವುದಿಲ್ಲ. ಗುಡ್ಡೆ ಬಂದ ಬೆಳಗ್ಗೆಯೇ ತೊಡೆಯ ಮೂಳೆಯಿಲ್ಲದ ಮಾಂಸ ಬೇರೆ ಮಾಡಿಕೊಳ್ಳಿ. ನೆಣವನ್ನು ಪೂರ್ತಿ ತೆಗೆಯಿರಿ, ಅದು ಉಳಿದರೆ ಕಮಟು ಹಿಡಿಯುತ್ತದೆ. ಬೆರಳಿಗಿಂತ ತೆಳ್ಳಗೆ ಉದ್ದುದ್ದ ಸೀಳಿ, ಕೆಜಿಗೆ ಒಂದು ಹಿಡಿಯಷ್ಟು ಪುಡಿ ಮಾಡಿದ ಕಲ್ಲುಪ್ಪು, ಅರಿಶಿನ ಹಾಕಿ ಎಲ್ಲ ಮಗ್ಗುಲಿಗೂ ತಿಕ್ಕಿ. ಖಾರ ಬೇಕಾದವರು ಅಚ್ಚಖಾರದ ಪುಡಿ ಸೇರಿಸಬಹುದು. ಒಂದೆರಡು ಗಂಟೆಯಲ್ಲಿ ನೀರು ಬಿಡುತ್ತದೆ, ಅದನ್ನು ಬಸಿದು, ದಬ್ಬಳದಲ್ಲಿ ದಾರಕ್ಕೆ ಪೋಣಿಸಿ ಒಂದಕ್ಕೊಂದು ತಾಗದಂತೆ ಬಿಸಿಲಿಗೆ ಕಟ್ಟಿ. ನೊಣ, ಕಾಗೆ ಮುಟ್ಟದ ಹಾಗೆ ತೆಳು ಬಟ್ಟೆ ಹೊದಿಸಬೇಕು. ಸಂಜೆಯಾದೊಡನೆ ಒಳಗೆ ತನ್ನಿ, ಇಬ್ಬನಿ ತಾಗಿದರೆ ಬೂಷ್ಟು. ಯುಗಾದಿಯ ಹೊತ್ತಿನ ಬಿಸಿಲಿಗೆ ನಾಲ್ಕೈದು ದಿನ ಸಾಕು. ಬಗ್ಗಿಸಿದರೆ ಬಳುಕದೆ ಲಟಕ್ಕನೆ ಮುರಿದು, ಒಂದಕ್ಕೊಂದು ತಾಗಿದಾಗ ಕಟ್ಟಿಗೆಯ ಹಾಗೆ ಸದ್ದು ಮಾಡಿದರೆ ಆಯಿತು ಅಂತ ತಿಳಿಯಿರಿ. ಮೋಡ ಮುಚ್ಚಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಫ್ರೀಜರಿಗೆ ಹಾಕಿ ಸುಮ್ಮನಾಗಿ. ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಆಗಾಗ ಬಿಸಿಲು ತೋರಿಸುತ್ತಿದ್ದರೆ ಮಳೆಗಾಲದವರೆಗೂ ಬರುತ್ತದೆ. ಬೇಕಾದಾಗ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ಗುಂಡುಕಲ್ಲಿನಲ್ಲಿ ಜಜ್ಜಿ, ಬೆಳ್ಳುಳ್ಳಿ ಈರುಳ್ಳಿಯೊಂದಿಗೆ ಹುರಿಯಿರಿ. ಹುರುಳಿಕಾಳಿನ ಸಾರಿಗೂ ಹಾಕಬಹುದು. ಸಾರಿಗೆ ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕಿ.

ಕೊಡುವ ಮಾತೂ ಒಂದಿದೆ. ಪಕ್ಕದ ಮನೆಯವರಿಗೆ, ಹೊಲದ ಕೆಲಸಕ್ಕೆ ಬರುವವರಿಗೆ ಕೊಡುವುದಾದರೆ ಹಬ್ಬದ ದಿನವೇ, ನೀವು ಉಣ್ಣುವ ಮೊದಲೇ, ಬಿಸಿಬಿಸಿಯಾಗಿ ಕೊಡಿ. ನಿಮಗೇ ಬಾಯಿಗಿಡಲು ಅನುಮಾನವಾದ ಮೂರನೇ ದಿನದ ಸಾರನ್ನು ಇನ್ನೊಬ್ಬರ ಪಾತ್ರೆಗೆ ಬಗ್ಗಿಸಬೇಡಿ, ಅದು ದೊಡ್ಡ ಅವಮಾನ. ಬಸುರಿ, ಬಾಣಂತಿ, ಎಳೆಮಕ್ಕಳು, ಹಾಸಿಗೆ ಹಿಡಿದ ಹಿರಿಯರಿಗೂ ತಂಗಳು ಬಾಡು ಬೇಡ, ಅವರ ಪಾಲನ್ನು ಅಂದೇ ಉಣಿಸಿಬಿಡಿ. ನಾಯಿಗೆ ಹಾಕುವಾಗ ಬೆಂದ ಮೂಳೆ, ಅದರಲ್ಲೂ ಕೋಳಿಯದು, ಹಾಕಬೇಡಿ. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಇನ್ನು ರಜೆ ಮುಗಿಸಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವ ನಿಮ್ಮ ಕೈಗೆ ಅಮ್ಮಂದಿರು ಕ್ಯಾರಿಯರು ಕೊಡುತ್ತಾರೆ. ಮಂಡ್ಯದಿಂದ ನೂರು ಕಿಲೋಮೀಟರೇ ಆದರೂ ಹಬ್ಬದ ವಾಹನಗಳ ನಡುವೆ ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾಗದು, ಬಿಸಿ ಸಾರು ತುಂಬಿದ ಡಬ್ಬಿ ಆ ಸೆಕೆಯಲ್ಲಿ ಕೆಟ್ಟೇ ಕೆಡುತ್ತದೆ. ಸಾರೇ ಬೇಕಿದ್ದರೆ ಹಿಂದಿನ ದಿನವೇ ಸ್ಟೀಲಿನ ಡಬ್ಬಿಗೆ ಎರಡು ಬೆರಳು ಜಾಗ ಬಿಟ್ಟು ತುಂಬಿ ಫ್ರೀಜರಿನಲ್ಲಿ ಕಲ್ಲಾಗಿಸಿ, ಪೇಪರು ಸುತ್ತಿ, ಅದರ ಮೇಲೆ ಟವೆಲ್ಲು ಸುತ್ತಿ ಬ್ಯಾಗಿನ ನಡುವಿಗಿಡಿ. ರೂಮು ಮುಟ್ಟಿದಾಗಲೂ ಮುಟ್ಟಿದರೆ ಚಳುಕ್ಕೆನ್ನುವಷ್ಟು ತಣ್ಣಗಿರಬೇಕು, ಬೆಚ್ಚಗಾಗಿದ್ದರೆ ಆಸೆ ಬಿಡಿ. ಮೆಣಸು ಹಾಕಿ ನೀರಿಂಗಿಸಿದ ತುಂಡನ್ನಾದರೂ ಹಾಗೇ ತಣ್ಣಗೆ ಮಾಡಿಯೇ ಒಯ್ಯಿರಿ. ಉಪ್ಪುಕಂಡಕ್ಕೆ ಮಾತ್ರ ಈ ಯಾವ ರಗಳೆಯೂ ಇಲ್ಲ. ರೂಮಿಗೆ ಹೋದ ಮೇಲೆ ಬಟ್ಟೆ ಬದಲಿಸುವುದು, ಫೋನು ನೋಡುವುದು ಆಮೇಲೆ, ಡಬ್ಬಿಯನ್ನು ಮೊದಲು ಫ್ರಿಜ್ಜಿಗೆ ಸೇರಿಸಿ.