ಪಾಲು ಮತ್ತು ಸಂಭ್ರಮ: ಉತ್ತರ ಕರ್ನಾಟಕದ ಮೂರು ಕೃಷಿ ಆಚರಣೆಗಳು

ಗ್ರಾಮೀಣ ಬದುಕಿನ ಸಂತೋಷಗಳನ್ನು ಕುರಿತು ನಮ್ಮ ವಿದ್ವತ್ ವಲಯದಲ್ಲಿ ಎರಡು ಬಗೆಯ ಗ್ರಹಿಕೆಗಳು ರೂಢಿಯಲ್ಲಿವೆ. ಹಳ್ಳಿಯ ಹಬ್ಬ ಹುಣ್ಣಿಮೆಗಳನ್ನು ಸಾಮರಸ್ಯದ ಕುರುಹುಗಳೆಂದು ಕೊಂಡಾಡುವುದು ಒಂದು. ಅವು ಜಾತಿ ಮತ್ತು ಭೂಒಡೆತನದ ಯಜಮಾನಿಕೆಯನ್ನು ಮರೆಮಾಚುವ ಸಾಧನಗಳೆಂದು ತಳ್ಳಿಹಾಕುವುದು ಇನ್ನೊಂದು. ಈ ಎರಡೂ ಗ್ರಹಿಕೆಗಳು ಆಚರಣೆಯಲ್ಲಿ ಪಾಲ್ಗೊಂಡವರ ಸಂತೋಷ ಯಾವುದರಿಂದ ಹುಟ್ಟುತ್ತಿತ್ತು ಎಂಬ ಪ್ರಶ್ನೆಯನ್ನು ಬಿಟ್ಟುಕೊಡುತ್ತವೆ. ಪ್ರಸ್ತುತ ಲೇಖನದಲ್ಲಿ ಉತ್ತರ ಕರ್ನಾಟಕದ ಎರೆನೆಲದ ಮೂರು ಸಂದರ್ಭಗಳನ್ನು, ಅಂದರೆ ಕಣದ ಹಂತಿ, ಎಳ್ಳಮಾವಾಸ್ಯೆಯ ಚರಗ ಹಾಗೂ ಜೋಕುಮಾರನ ಆಚರಣೆಗಳನ್ನು, 'ಪಾಲು' ಎಂಬ ಪರಿಕಲ್ಪನೆಯ ಮೂಲಕ ನೋಡುವ ಪ್ರಯತ್ನವಿದೆ. ಇಲ್ಲಿ ಸಂತೋಷವು ದುಡಿಮೆಗೂ ಹಂಚಿಕೆಗೂ ಅಂಟಿಕೊಂಡಿದೆ. ಹಂಚಿಕೆಯ ಕ್ರಮ ಬದಲಾದಾಗ ಸಂತೋಷದ ಸ್ವರೂಪವೂ ಬದಲಾಗುತ್ತದೆ ಎಂಬುದು ಲೇಖನದ ಪ್ರತಿಪಾದನೆ.

1. ಕಣ ಮತ್ತು ಹಂತಿ

ಜೋಳದ ತೆನೆಗಳನ್ನು ಕಣದಲ್ಲಿ ಹರಡಿ, ನಡುವಿನ ಮೇಟಿಗೆ ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತಲೂ ತುಳಿಸುವ ಕ್ರಮಕ್ಕೆ ಹಂತಿ ಎಂದು ಹೆಸರು. ರಾತ್ರಿಯಿಡೀ ನಡೆಯುತ್ತಿದ್ದ ಈ ಕೆಲಸದಲ್ಲಿ ನಿದ್ದೆ ಮತ್ತು ದಣಿವುಗಳನ್ನು ನೀಗಿಸುತ್ತಿದ್ದುದು ಹಂತಿಯ ಹಾಡು. ದೈವಸ್ತುತಿಯಿಂದ ಮೊದಲಾಗಿ ದೀರ್ಘ ಕಥನಗಳವರೆಗೆ ಹಬ್ಬುವ ಈ ಹಾಡುಗಳಿಗೆ ಎತ್ತಿನ ನಡಿಗೆಯೇ ಲಯ. ಇಲ್ಲಿ ಹಾಡು ಬಿಡುವಿನ ವೇಳೆಯ ರಂಜನೆಯಲ್ಲ, ಅದು ಕೆಲಸದ ಒಂದು ಅಂಗ. ರಾಶಿಪೂಜೆಯಾದ ಬಳಿಕ ಕಾಳನ್ನು ಅಳೆಯುವಾಗ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆಯನ್ನು ಆರಂಭಿಸುವ ವಾಡಿಕೆಯಲ್ಲಿ ಹುಲುಸಿನ ಬಯಕೆ ವ್ಯಕ್ತವಾಗುತ್ತದೆ.

ಆದರೆ ಕಣವು ಹಾಡಿನ ನೆಲೆಯಾಗಿದ್ದಂತೆಯೇ ಲೆಕ್ಕದ ನೆಲೆಯೂ ಆಗಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿಗ ಮೊದಲಾದ ಆಯಗಾರರು ವರ್ಷವಿಡೀ ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಕಣದಲ್ಲಿಯೇ ಕಾಳಿನ ಆಯ ಪಡೆಯುತ್ತಿದ್ದರು. ಹೊಲವಿಲ್ಲದ ಬಡ ಹೆಂಗಸರು ಕೊಯ್ಲಿನ ನಂತರ ಉದುರಿದ ತೆನೆಗಳನ್ನು, ಅಂದರೆ ಹಕ್ಕಲನ್ನು, ಆಯ್ದುಕೊಳ್ಳುತ್ತಿದ್ದರು. ಹೀಗೆ ಒಂದೇ ರಾಶಿಯ ಸುತ್ತ ಒಡೆಯನ ಹೆಮ್ಮೆ, ಹಾಡುಗಾರನ ಉಲ್ಲಾಸ, ಆಯಗಾರನ ನಿರೀಕ್ಷೆ ಮತ್ತು ಹಕ್ಕಲಾಯುವವಳ ಸಮಾಧಾನಗಳು ಏಕಕಾಲಕ್ಕೆ ನೆರೆಯುತ್ತಿದ್ದವು. ಇವೆಲ್ಲವನ್ನೂ 'ಸುಗ್ಗಿಯ ಸಂಭ್ರಮ' ಎಂಬ ಒಂದೇ ಪದದಲ್ಲಿ ಅಡಕಗೊಳಿಸಿದರೆ ಅವುಗಳ ನಡುವಿನ ಅಂತರ ಕಾಣದಂತಾಗುತ್ತದೆ.

2. ಚರಗ

ಹಿಂಗಾರಿ ಜೋಳ ಹೊಲದಲ್ಲಿ ಬೆಳೆದು ನಿಂತಿರುವಾಗ ಎಳ್ಳಮಾವಾಸ್ಯೆ ಬರುತ್ತದೆ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬುಗಳ ಬುತ್ತಿಯೊಂದಿಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಅಡುಗೆಯ ಒಂದು ಭಾಗವನ್ನು ಹೊಲದ ಸುತ್ತ ಚೆಲ್ಲುತ್ತಾರೆ, ಇದೇ ಚರಗ. ಉಣ್ಣುವ ಮೊದಲು ಮಣ್ಣಿಗೂ ಹಕ್ಕಿಗೂ ಹುಳುವಿಗೂ ಪಾಲು ಸಲ್ಲಬೇಕೆಂಬ ತಿಳಿವಳಿಕೆ ಇದರ ಹಿಂದಿದೆ. ಅನಂತರ ಬಂಧುಗಳು, ನೆರೆಹೊರೆಯವರು, ಹೊಲವಿಲ್ಲದವರು ಕೂಡಿ ಉಣ್ಣುವುದು ರೂಢಿ. ಆದರೆ ಈ ಹಂಚಿಕೆಗೂ ಒಂದು ಮರೆಯಾದ ಮುಖವಿದೆ. ಹಬ್ಬಕ್ಕೆ ಹಲವು ದಿನ ಮೊದಲೇ ರೊಟ್ಟಿ ಬಡಿಯಲು ತೊಡಗುವ ಹೆಂಗಸರ ದುಡಿಮೆಯಿಲ್ಲದೆ ಚರಗವಿಲ್ಲ. ಬಯಲಿನ ಊಟ ಅವರಿಗೆ ಬಿಡುಗಡೆಯೂ ಹೌದು, ಹೊರೆಯೂ ಹೌದು.

3. ಜೋಕುಮಾರ

ಭಾದ್ರಪದದಲ್ಲಿ ಗಂಗಾಮತಸ್ಥ ಹೆಂಗಸರು ಜೋಕುಮಾರನ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನೊಂದಿಗೆ ಬುಟ್ಟಿಯಲ್ಲಿಟ್ಟು ಹೊತ್ತು, ಮನೆಮನೆಯ ಮುಂದೆ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ಮೊದಲಾದ ಕಾಳು ನೀಡುತ್ತಾರೆ. ಹಾಡಿದವರು ಪ್ರಸಾದವಾಗಿ ಕೊಟ್ಟುದನ್ನು ರೈತರು ಹೊಲಕ್ಕೆ ಚೆಲ್ಲುತ್ತಾರೆ. ಗಣೇಶ ಭೂಲೋಕದ ಸುಖವನ್ನು ವರದಿ ಮಾಡಿದರೆ, ಜೋಕುಮಾರ ಜನರ ಕಷ್ಟವನ್ನು ತಿಳಿಸಿ ಮಳೆ ತರಿಸುತ್ತಾನೆಂಬ ನಂಬಿಕೆಯಿದೆ. ನೆಲದ ಒಡೆತನವಿಲ್ಲದ ಹೆಂಗಸರು ನೆಲದ ಫಲವಂತಿಕೆಯನ್ನು ಹೊತ್ತು ತರುವವರಾಗಿರುವುದು ಇಲ್ಲಿ ಗಮನಾರ್ಹ. ಅವರು ಪಡೆಯುವ ಕಾಳು ಕೇವಲ ಭಿಕ್ಷೆಯಲ್ಲ; ಅದರಲ್ಲಿ ಕೊಡು-ಕೊಳುವಿಕೆಯಿದೆ.

ಈ ಆಚರಣೆಯೊಳಗಿನ ನೆಲದ ಪ್ರಶ್ನೆಯನ್ನು ಆಧುನಿಕ ಸಾಹಿತ್ಯ ಗುರುತಿಸಿದ್ದು ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' (1972) ನಾಟಕದಲ್ಲಿ. ಮಕ್ಕಳಿಲ್ಲದ ಗೌಡನಿಗೆ ಎದುರಾಗಿ ಉಳುವವನ ಹಕ್ಕನ್ನು ಸಾರುವ ಬಸಣ್ಣ, ಜೋಕುಮಾರನಂತೆಯೇ ಕೊಲೆಯಾಗುತ್ತಾನೆ. ಗೇಣಿ ಪದ್ಧತಿಯನ್ನು ರದ್ದುಪಡಿಸಿದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಕರ್ನಾಟಕದಲ್ಲಿ ಜಾರಿಗೆ ಬಂದುದು 1974ರಲ್ಲಿ. ಆಚರಣೆಯಲ್ಲಿ ಕಾಳಿನ ಪಾಲಾಗಿ ಉಳಿದಿದ್ದುದನ್ನು ನಾಟಕ ನೆಲದ ಹಕ್ಕಾಗಿ ಕೇಳಿತು.

4. ಪಲ್ಲಟ

ರಾಶಿ ಮಾಡುವ ಯಂತ್ರಗಳು ಬಂದ ಮೇಲೆ ಹಂತಿ ಬಹುಮಟ್ಟಿಗೆ ಕಣ್ಮರೆಯಾಯಿತು. ಚರಗವಾದರೋ ಇಂದಿಗೂ ಉಳಿದಿದೆ. ಈ ವ್ಯತ್ಯಾಸಕ್ಕೆ ಕಾರಣವಿದೆ. ಹಂತಿಗೆ ಹಲವರ ಕೈಗಳು ಬೇಕಿದ್ದವು, ಚರಗಕ್ಕೆ ಒಂದು ಕುಟುಂಬ ಸಾಕು. ಬೇರೆಯವರ ದುಡಿಮೆಯ ಅಗತ್ಯ ತಪ್ಪಿದಲ್ಲಿ ಅವರ ಪಾಲಿನ ಅಗತ್ಯವೂ ತಪ್ಪಿತು; ಪಾಲಿನೊಂದಿಗೆ ಬೆಸೆದಿದ್ದ ಹಾಡೂ ನಿಂತಿತು. ಹಾಗೆಂದು ಇದನ್ನು ಕೇವಲ ನಷ್ಟವೆಂದು ಬರೆಯಲಾಗದು. ಕಣದಂಚಿನಲ್ಲಿ ಕಾಯುತ್ತ ನಿಲ್ಲಬೇಕಾಗಿದ್ದವನಿಗೆ ನಗದು ಕೂಲಿ ಅಧೀನತೆಯಿಂದ ಸ್ವಲ್ಪಮಟ್ಟಿನ ಬಿಡುಗಡೆಯನ್ನೂ ತಂದಿತು. ಅದೇ ವೇಳೆ, ಕೆಲಸ ಅರಸಿ ಗೋವಾ, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳಿಗೆ ಊರಿನ ಸಂತೋಷಗಳಲ್ಲಿ ಪಾಲ್ಗೊಳ್ಳುವ ಅವಕಾಶವೇ ಕುಗ್ಗಿತು.

ಹಲಸಂಗಿ ಗೆಳೆಯರ 'ಗರತಿಯ ಹಾಡು' (1931) ಸಂಕಲನದ ಕಾಲದಿಂದಲೂ ಕನ್ನಡ ಜಾನಪದ ಅಧ್ಯಯನಕ್ಕೆ ಹಾಡಿನ ಸಂಗ್ರಹವೇ ಬುನಾದಿ. ಆ ಶ್ರಮದ ಋಣ ದೊಡ್ಡದು. ಆದರೆ ಹಾಡು ಮುದ್ರಿತ ಪಠ್ಯವಾದಾಗ ಕಣ, ಬುತ್ತಿ ಮತ್ತು ಮೊರಗಳು ಪುಟದ ಹೊರಗೆ ಉಳಿಯುವ ಅಪಾಯವಿದೆ. ಹಂತಿಯನ್ನು ಹಾಡಿದ, ಆಯ ಪಡೆದ ಹಿರಿಯ ತಲೆಮಾರು ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಹಾಡಿನ ಸಾಲುಗಳ ಜೊತೆಗೆ ಕಾಳನ್ನು ಯಾರು ಅಳೆದರು, ಯಾರಿಗೆ ಎಷ್ಟು ಸಂದಿತು, ರೊಟ್ಟಿ ಬಡಿದವರು ಯಾವಾಗ ಉಂಡರು ಎಂಬ ವಿವರಗಳನ್ನೂ ದಾಖಲಿಸುವುದು ಕ್ಷೇತ್ರಕಾರ್ಯದ ತುರ್ತು ಹೊಣೆಯಾಗಿದೆ. ಇವಿಲ್ಲದೆ ಗ್ರಾಮೀಣ ಸಂತೋಷವನ್ನು ಕುರಿತ ನಮ್ಮ ಮಾತು ಹೊಗಳಿಕೆ ಅಥವಾ ತೆಗಳಿಕೆಯಾಗಿಯೇ ಉಳಿಯುತ್ತದೆ.