ಬೈಯುವ ಮೊದಲು ಪಕ್ಕದಲ್ಲಿ ಕೂರಿ

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿರುವ ಮಗ ಪಾರ್ಟಿಗಳಲ್ಲಿ ಎಂಡಿಎಂಎ ತಗೊಂಡಿದ್ದಾಗಿ ಹೇಳಿದ್ದಾನೆ. ಪೊಲೀಸರ ಭಯ ಕಾಡುತ್ತಿದೆ. ಏನು ಮಾಡಲಿ?
– ಒಬ್ಬ ತಾಯಿ, ಕೊಕ್ಕನೂರು

ಉತ್ತರ: ಅಮ್ಮಾ, ಮಗ ತಾನಾಗಿಯೇ ಬಾಯಿಬಿಟ್ಟಿದ್ದಾನೆ. ಆ ನಂಬಿಕೆ ಕೆಡದಿರಲಿ.

2020ರಲ್ಲಿ ಕನ್ನಡ ಚಿತ್ರರಂಗದ ಮಾದಕವಸ್ತು ಪ್ರಕರಣದಿಂದ ಈ ಮಾದಕದ ಹೆಸರು ಮನೆಮನೆಗೂ ತಿಳಿಯಿತು. ವಿದೇಶದಿಂದ ಪಾರ್ಸೆಲ್‌ಗಳಲ್ಲಿ ಬಂದದ್ದನ್ನು ಬೆಂಗಳೂರಿನಲ್ಲಿ ಹಲವು ಸಲ ಹಿಡಿದಿದ್ದಾರೆ. ಕೈಯಿಂದ ಕೈಗೆ ದಾಟುವ ಆ ಮಾತ್ರೆ, ಹರಳುಗಳಲ್ಲಿ ಏನೇನು ಬೆರೆತಿದೆಯೋ ಕೊಳ್ಳುವವರಿಗೆ ತಿಳಿಯದು. ಮೈ ಕಾವು ವಿಪರೀತ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಅಮಲು ಇಳಿದ ಮೇಲೆ ಕೆಲವು ದಿನ ಮನಸ್ಸು ಕುಗ್ಗುವುದುಂಟು. ಆಗ ಅವನನ್ನು ಒಂಟಿಯಾಗಿ ಬಿಡಬೇಡಿ.

1985ರ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಡಿ ಸೇವನೆಯೂ ಅಪರಾಧ. ಆದರೆ ವ್ಯಸನಿಯು ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ಣಗೊಳಿಸಿದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ 64ಎ ಕಲಂ ರಕ್ಷಣೆ ಕೊಡುತ್ತದೆ. ಗೆಳೆಯರಿಗೆಂದು ತಂದುಕೊಟ್ಟರೆ ಮಾತ್ರ ಅದು ಪೂರೈಕೆಯೇ. ಇದನ್ನು ಮಗನಿಗೆ ಬಿಡಿಸಿ ಹೇಳಿ.

ಇಂದೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬಳಿಕ ಮಗನನ್ನು ಊರಿಗೆ ಕರೆಸಿ, ದಾವಣಗೆರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಜೊತೆಗೆ ನೀವೂ ಹೋಗಿ.